ಯಾವುದರ ಮೇಲೆ ಕೂತಿತ್ತು?

ಮೊನ್ನೆ ನಮ್ಮ ಹಳೆಯ ಕಾಲೇಜಿನಿಂದ ಇಬ್ಬರು ಮನೆಗೆ ಬಂದಿದ್ದರು. ಪ್ರಾಣಿಶಾಸ್ತ್ರ ವಿಭಾಗಕ್ಕೆ ಹೊಸದಾಗಿ ಸೇರಿದ ಅಧ್ಯಾಪಕಿಯರು. ಬೇಸಿಗೆ ರಜೆಯಲ್ಲಿ ವಿದ್ಯಾರ್ಥಿನಿಯರನ್ನು ಕರೆದುಕೊಂಡು ಹಕ್ಕಿ, ಹುಳ, ಕಾಡುಗಿಡಗಳ ಪಟ್ಟಿ ಮಾಡಬೇಕೆಂದು ಅವರ ಆಸೆ. “ನಿಮ್ಮ ಕಾಲದಲ್ಲಿ ಹೇಗೆ ಮಾಡ್ತಿದ್ರಿ ಮೇಡಂ? ಒಂದಿಷ್ಟು ಬರೆದುಕೊಡಿ” ಎಂದರು. ಕಾಫಿ ಕುಡಿಯುತ್ತ ಒಪ್ಪಿಕೊಂಡುಬಿಟ್ಟೆ. ಅವರು ಹೋದ ಮೇಲೆ ಇದು ಅಷ್ಟು ಸುಲಭವಲ್ಲ ಅನ್ನಿಸಿತು.

ನಾನು ವಿದ್ಯಾರ್ಥಿನಿಯಾಗಿದ್ದಾಗಿನಿಂದ ದಿನಚರಿ ಬರೆಯುತ್ತೇನೆ. ಅದರಿಂದ ನನ್ನ ನೆನಪು ಗಟ್ಟಿ ಎಂದು ಮನೆಯವರ ನಂಬಿಕೆ. ನಿಜ ಬೇರೆ. ತನ್ನ ನೆನಪು ಎಷ್ಟು ನಯವಾಗಿ ಸುಳ್ಳು ಹೇಳುತ್ತದೆ ಎಂಬುದು ದಿನಚರಿ ಬರೆಯುವವರಿಗೇ ಹೆಚ್ಚು ಗೊತ್ತು. ಮಳೆ ಬಂದಿತ್ತು ಎಂದು ನಾನು ಆಣೆ ಮಾಡಿ ಹೇಳಬಲ್ಲ ದಿನಗಳಲ್ಲಿ ಸುಡುಬಿಸಿಲು ಇತ್ತು ಎಂದು ನನ್ನದೇ ಅಕ್ಷರದಲ್ಲಿದೆ. ದಿನಚರಿಯಾದರೂ ಪೂರ್ತಿ ಸತ್ಯವೇ? ಅದರಲ್ಲಿರುವುದು ಆ ದಿನ ನಾನು ಬರೆಯಲು ಇಷ್ಟಪಟ್ಟದ್ದು ಮಾತ್ರ. ಹಾಗಾಗಿ ಗೊತ್ತಿರುವುದನ್ನು ಗೊತ್ತಿದೆ ಎಂದು ಹೇಳುತ್ತೇನೆ, ಉಳಿದದ್ದಕ್ಕೆ ‘ಇರಬೇಕು’ ಸೇರಿಸುತ್ತೇನೆ. ಬಡ್ತಿ, ಸನ್ಮಾನಗಳ ವಿಷಯ ಬಿಟ್ಟಿದ್ದೇನೆ. ಅವು ಸರ್ವಿಸ್ ರಿಜಿಸ್ಟರಿನಲ್ಲಿವೆ, ಅಲ್ಲೇ ಇರಲಿ. ನನಗೆ ಹೇಳಬೇಕಾಗಿರುವುದು ಮುಖ್ಯವಾಗಿ ಒಂದು ಹಕ್ಕಿಯ ವಿಷಯ. ಅದನ್ನು ನಮ್ಮ ಪಟ್ಟಿಯಲ್ಲಿ ಇಡಬೇಕೋ ತೆಗೆಯಬೇಕೋ ಎಂಬ ಪ್ರಶ್ನೆ ನನ್ನ ಮೇಲೆ ಬಿದ್ದಿತ್ತು. ಆ ಹಕ್ಕಿಯನ್ನು ನೋಡಿದವರು ನನ್ನ ಮೇಷ್ಟ್ರು.

ಐವತ್ತರ ದಶಕದ ನಡುವೆ ನಾನು ಆ ಹೆಣ್ಣುಮಕ್ಕಳ ಕಾಲೇಜಿಗೆ ಡೆಮಾನ್‌ಸ್ಟ್ರೇಟರ್ ಆಗಿ ಸೇರಿದೆ. ವಿಭಾಗದ ಮುಖ್ಯಸ್ಥರು ನನ್ನ ಮೇಷ್ಟ್ರು, ಪ್ರೊಫೆಸರ್ ರಾಮಶೇಷಯ್ಯನವರು. ಉದ್ದ ಕೋಟು, ಕಚ್ಚೆ ಪಂಚೆ, ಕಾಲಿಗೆ ಮಾತ್ರ ಪೊಲೀಸರು ಹಾಕುವಂಥ ಬೂಟು. ಸಸ್ಯಶಾಸ್ತ್ರದ ಕಡೆಯಿಂದ ಸೀತಾಲಕ್ಷ್ಮಿ, ನನ್ನ ಓರಗೆಯವಳು, ಹನುಮಂತನಗರದ ಸೊಸೆ. ನಾವು ಮೂವರೇ ‘ಬೇಸಿಗೆ ಪಟ್ಟಿ’ಯ ಕೆಲಸದವರು. ಏಪ್ರಿಲ್, ಮೇ ತಿಂಗಳಲ್ಲಿ ವಾರಕ್ಕೊಂದು ಬೆಳಗ್ಗೆ ಊರಿನ ದಕ್ಷಿಣದ ಅಂಚಿನಲ್ಲಿ ನಡೆದು, ಕಂಡದ್ದನ್ನೆಲ್ಲ ಬರೆದುಕೊಳ್ಳುವುದು. ಕೆಲವು ಸಲ ಧೈರ್ಯದ ಹುಡುಗಿಯರು ಜೊತೆಗೆ ಬರುತ್ತಿದ್ದರು.

ಹಕ್ಕಿ ನೋಡಲು ಮೇ ತಿಂಗಳು ಅಂಥ ಒಳ್ಳೆಯ ಕಾಲವಲ್ಲ. ಚಳಿಗಾಲಕ್ಕೆ ಬಂದ ಹಕ್ಕಿಗಳು ಹಿಂತಿರುಗಿರುತ್ತವೆ, ಗಿಡಗಳು ಒಣಗಿರುತ್ತವೆ. ಆದರೆ ಪ್ರಿನ್ಸಿಪಾಲರು ರಜೆಯಲ್ಲಿ ಮಾತ್ರ ಒಪ್ಪಿಗೆ ಕೊಟ್ಟಿದ್ದರು. ಆ ಒಪ್ಪಿಗೆಯೂ ಸಲೀಸಾಗಿ ಬರಲಿಲ್ಲ.

“ನಮ್ಮ ಮೇಡಂಗಳು ಕೆರೆ ಏರಿ ಮೇಲೆ ದುರ್ಬೀನು ಹಾಕ್ಕೊಂಡು ನಿಂತ್ರೆ ಜನ ಏನಂತಾರೆ ರಾಮಶೇಷಯ್ಯನೋರೇ?”

“ಹಕ್ಕಿ ನೋಡ್ತಿದಾರೆ ಅಂತಾರೆ ಸಾರ್.”

“ತಮಾಷೆ ಬೇಡ. ಏನಾದ್ರೂ ಆದ್ರೆ?”

“ನಾನೇ ಜೊತೇಲಿರ್ತೀನಿ. ಪ್ರತಿ ಸಲ. ಆದದ್ದಕ್ಕೆ ನಾನು ಜವಾಬ್ದಾರಿ ಅಂತ ಬರೆದುಕೊಡ್ಲಾ?”

ಬರೆದುಕೊಟ್ಟರು. ಮಾತಿಗೆ ತಪ್ಪಲಿಲ್ಲ. ಮಂಡಿನೋವಿನ ವಯಸ್ಸಿನಲ್ಲೂ ಒಂದೇ ಒಂದು ನಡಿಗೆ ತಪ್ಪಿಸಲಿಲ್ಲ. ನಾವಿಬ್ಬರು ಹೆಂಗಸರು ಆ ಕಾಲದಲ್ಲಿ ಹೊಲ ಬಯಲುಗಳಲ್ಲಿ ತಲೆಯೆತ್ತಿ ನಡೆದದ್ದು ಅವರ ಆ ಒಂದು ಕಾಗದದ ಬಲದಿಂದ. ಮುಂದಿನದನ್ನು ಓದುವಾಗ ಇದು ನೆನಪಿರಲಿ.

ಜಯನಗರ ಆಗ ಅರ್ಧ ಬಡಾವಣೆ, ಅರ್ಧ ಕಲ್ಲುಗೂಟ. ರಸ್ತೆ ಎಲ್ಲಿ ಬರುತ್ತದೆ ಎಂದು ಗೂಟಗಳು ಹೇಳುತ್ತಿದ್ದವು. ಆ ಗೂಟಗಳ ನಡುವೆಯೇ ಟಿಟ್ಟಿಭ ಬರಿ ನೆಲದ ಮೇಲೆ ಮೊಟ್ಟೆಯಿಟ್ಟು, ನಾವು ಹತ್ತಿರ ಹೋದರೆ ತಲೆಯ ಮೇಲೆ ಕಿರುಚಿಕೊಂಡು ಹಾರಾಡುತ್ತಿತ್ತು. ಅಲ್ಲಿಂದ ದಕ್ಷಿಣಕ್ಕೆ ಹೊರಟರೆ ರಾಗಿ ಹೊಲ, ತಂಗಡಿ ಪೊದೆ, ಬಂಡೆ, ಕೆರೆ. ಒಂದು ವಾರ ಚಿಕ್ಕಲಸಂದ್ರದ ಕಡೆ, ಒಂದು ವಾರ ಬನ್ನೇರುಘಟ್ಟ ರಸ್ತೆ ಹಿಡಿದು ಹುಳಿಮಾವಿನ ಕಡೆ.

ನಮ್ಮ ಸಾಮಾನು ಹೇಳಿದರೆ ನೀವು ನಗುತ್ತೀರಿ. ಒಂದೇ ಒಂದು ದುರ್ಬೀನು, ಯುದ್ಧ ಮುಗಿದ ಮೇಲೆ ಗುಜರಿಗೆ ಬಂದದ್ದು. ಒಂದು ಕಣ್ಣಿಗೆ ಚೆನ್ನಾಗಿ ಕಾಣುತ್ತಿತ್ತು, ಇನ್ನೊಂದರ ಗಾಜಿಗೆ ಬೂಷ್ಟು ಹಿಡಿದಿತ್ತು. ಸೊಳ್ಳೆಪರದೆ ಹರಿದು ಹೊಲಿದ ಚಿಟ್ಟೆ ಬಲೆ. ಹುಳಗಳಿಗೆ ವಿಷದ ಬಾಟಲಿ, ಮುಚ್ಚಳ ತೆಗೆಯುವ ಹಕ್ಕು ನನಗೊಬ್ಬಳಿಗೇ. ಸೀತಾಲಕ್ಷ್ಮಿಗೆ ಗಿಡ ಒತ್ತುವ ಎರಡು ಹಲಗೆ, ಹಳೆಯ ವೃತ್ತಪತ್ರಿಕೆ, ಬಿಗಿಯಲು ಅವಳ ಮಾವನವರ ಹಾಸಿಗೆ ಸುತ್ತುವ ಪಟ್ಟಿ. ಬುತ್ತಿಗೆ ಚಿತ್ರಾನ್ನ.

ಸೀತಾಲಕ್ಷ್ಮಿಯ ಗಿಡಗಳದ್ದೇ ಒಂದು ಕಥೆ. ಒಂದು ಶನಿವಾರ ಅಪರೂಪದ ಒಂದು ತುಂಬೆ ಜಾತಿಯ ಗಿಡ ಸಿಕ್ಕಿತು. ಮಾಮೂಲಿ ತುಂಬೆಗಿಂತ ಎಲೆ ಸಪೂರ, ಹೂವಿನ ತುಟಿ ಬೇರೆ ಆಕಾರ. ಒದ್ದೆ ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ದು, ಮಾರನೆಯ ದಿನ ಸಾವಕಾಶವಾಗಿ ನೋಡೋಣವೆಂದು ಹಿತ್ತಲ ಕಟ್ಟೆಯ ಮೇಲೆ ಇಟ್ಟಿದ್ದಾಳೆ. ಸೋಮವಾರ ವಿಭಾಗಕ್ಕೆ ಬಂದವಳ ಮುಖ ಸಣ್ಣದಾಗಿತ್ತು.

“ಎಲ್ಲಮ್ಮ ನಿನ್ನ ತುಂಬೆ?” ಮೇಷ್ಟ್ರು ಕೇಳಿದರು.

“ಈಶ್ವರನ ತಲೆ ಮೇಲಿದೆ ಸಾರ್.”

“ಏನಂದೆ?”

“ನಮ್ಮತ್ತೆ ನಿನ್ನೆ ಬೆಳಗ್ಗೆ ಪೂಜೆಗೆ ಒಂದೊಂದೇ ಹೂ ಬಿಡಿಸಿ ಏರಿಸಿಬಿಟ್ಟಿದಾರೆ. ‘ಎಷ್ಟ್ ಒಳ್ಳೆ ಸೊಸೆ, ಅಷ್ಟು ದೂರದಿಂದ ತುಂಬೆ ತಂದಿದಾಳೆ’ ಅಂತ ಬೀದಿಗೆಲ್ಲ ಹೇಳ್ತಿದಾರೆ. ಈಗ ಏನಂತ ಬಾಯಿ ಬಿಡ್ಲಿ?”

ಆ ಗಿಡ ನಮಗೆ ಮತ್ತೆ ಸಿಗಲಿಲ್ಲ. ಪಟ್ಟಿಯಲ್ಲಿ ಮಾಮೂಲಿ ತುಂಬೆ ಮಾತ್ರ ಇದೆ. ಕೈಯಲ್ಲಿ ಸಾಕ್ಷಿ ಇಲ್ಲದ್ದನ್ನು ಬರೆಯಬಾರದು ಎಂದು ಮೇಷ್ಟ್ರು ಖಂಡಿತವಾಗಿ ಹೇಳಿದರು. ಸೀತಾಲಕ್ಷ್ಮಿ ಎರಡು ದಿನ ಮುನಿಸಿಕೊಂಡಿದ್ದಳು.

ಗಿಡಕ್ಕೆ, ಹುಳಕ್ಕೆ ಸಾಕ್ಷಿ ಹಿಡಿದಿಡಬಹುದು. ಹಕ್ಕಿಗೆ? ಮೇಷ್ಟ್ರ ಕಾಲದ ಪದ್ಧತಿ ಹೊಡೆದು ಬೀಳಿಸುವುದು. ವಿಭಾಗದ ಬೀರುವಿನ ಹಿಂದೆ ಒಂದು ಕೋವಿಯೇ ಇತ್ತು. ಯುವಕರಾಗಿದ್ದಾಗ ಅವರು ಹೊಡೆದ ಹಕ್ಕಿಗಳು ಹತ್ತಿ ತುಂಬಿಸಿಕೊಂಡು, ಕಾಲಿಗೆ ಚೀಟಿ ಕಟ್ಟಿಸಿಕೊಂಡು ಅಂಗಾತ ಮಲಗಿದ್ದವು, ಕಪಾಟು ತೆಗೆದರೆ ನುಸಿಗುಳಿಗೆಯ ವಾಸನೆ. ನಾನು ಸೇರುವ ಹೊತ್ತಿಗೆ ಕೋವಿ ಮೂಲೆ ಸೇರಿತ್ತು. ಯಾಕೆ ಬಿಟ್ಟಿರಿ ಎಂದು ಕೇಳಿದ್ದಕ್ಕೆ, “ಸಾಕು ಅನ್ನಿಸ್ತು” ಎಂದಿಷ್ಟೇ ಹೇಳಿದರು. ಹಾಗಾಗಿ ನಮ್ಮ ಬೇಸಿಗೆ ಪಟ್ಟಿಯ ಹಕ್ಕಿಗಳೆಲ್ಲ ಕಣ್ಣಿನ ಸಾಕ್ಷಿಯವು. ಕಣ್ಣಿನ ಸಾಕ್ಷಿಗೆ ಏನು ಬೆಲೆ ಎನ್ನುವುದನ್ನು ನಾವು ಬಯಲಲ್ಲಿ ನಡೆಯುತ್ತಲೇ ಕಲಿತೆವು.

ಕಲಿಸಿದ್ದು ಚಿಕ್ಕಲಸಂದ್ರದ ಒಂದು ಹಕ್ಕಿ. ಆ ದಿನ ನಾಲ್ಕಾರು ಹುಡುಗಿಯರಿದ್ದರು. ಗೋಣಿಮರದ ಕೊಂಬೆಯಲ್ಲಿ ಬೂದುಬೆನ್ನಿನ, ಎದೆಯ ಮೇಲೆ ಅಡ್ಡಪಟ್ಟೆಗಳ ಒಂದು ಹಕ್ಕಿ. “ಬಿಜ್ಜು! ಬಿಜ್ಜು!” ಎಂದು ಸೀತಾಲಕ್ಷ್ಮಿ ಪಿಸುಗುಟ್ಟಿದಳು. ಬಿಜ್ಜು ಎಂದರೆ ಸಣ್ಣ ಜಾತಿಯ ಗಿಡುಗ. ದುರ್ಬೀನು ಕೈಯಿಂದ ಕೈಗೆ ಹೋಯಿತು. ಒಬ್ಬಳಿಗೆ ಕೊಕ್ಕಿನ ಕೊಕ್ಕೆ ಕಂಡಿತು. ಇನ್ನೊಬ್ಬಳಿಗೆ ಉಗುರು ಕಂಡಿತು. ನನಗೆ ಕ್ರೂರ ಕಣ್ಣು ಕಂಡಿತು, ಹಾಗೆಂದು ಬರೆದೂಬಿಟ್ಟೆ. ಅಷ್ಟರಲ್ಲಿ ಆ ಗಿಡುಗ ಬಾಯಿ ತೆರೆದು, ಬೇಸಿಗೆಯಲ್ಲಿ ಊರವರ ತಲೆಚಿಟ್ಟು ಹಿಡಿಸುವ ಹಾಗೆ ಏರುದನಿಯಲ್ಲಿ ಮೂರು ಸ್ವರ ಮತ್ತೆ ಮತ್ತೆ ಕೂಗತೊಡಗಿತು. ಅದು ಬಿಜ್ಜಿನ ವೇಷದ ಕೋಗಿಲೆ! ಆ ಜಾತಿಗೆ ಗಿಡುಗದ ಬಣ್ಣವೇ ಇರುತ್ತದೆ. ಆದರೆ ಕೊಕ್ಕೆಯ ಕೊಕ್ಕಿಲ್ಲ, ಹಿಡಿಯುವ ಉಗುರಿಲ್ಲ.

ಹುಡುಗಿಯರು ನಕ್ಕು ನಕ್ಕು ನೆಲಕ್ಕೆ ಕೂತರು. ಮೇಷ್ಟ್ರು ನಗಲಿಲ್ಲ.

“ಉಗುರು ಯಾರು ನೋಡಿದ್ದು?”

ಒಬ್ಬಳು ಕೈಯೆತ್ತಿದಳು.

“ಸುಳ್ಳು ಹೇಳಿದ್ಯಾ?”

“ಇಲ್ಲ ಸಾರ್, ನಿಜವಾಗ್ಲೂ ಕಾಣ್ತು.”

“ಕಂಡಿರುತ್ತೆ. ಅದೇ ತೊಂದರೆ. ಹೆಸರು ಮೊದಲು ಕಿವಿಗೆ ಬಿದ್ರೆ ಕಣ್ಣು ಉಳಿದದ್ದನ್ನ ತಾನೇ ತುಂಬಿಕೊಳ್ಳುತ್ತೆ.”

ಅಂದಿನಿಂದ ಕಟ್ಟುನಿಟ್ಟು ಮಾಡಿದರು. ಹಕ್ಕಿ ಕಂಡರೆ ಯಾರೂ ಹೆಸರು ಎತ್ತಬಾರದು. ಬೆನ್ನು ತಿರುಗಿಸಿ ನಿಂತು ಪ್ರತಿಯೊಬ್ಬರೂ ಕಂಡದ್ದನ್ನು ಬರೆಯಬೇಕು, ಆಮೇಲೆ ಚೀಟಿಗಳನ್ನು ತಾಳೆ ನೋಡಬೇಕು. ಇಬ್ಬರ ಚೀಟಿ ಕೂಡಿದರೆ ಮಾತ್ರ ಪಟ್ಟಿಗೆ. ಬಯಲಿನಲ್ಲಿ ಆರೇಳು ಹೆಂಗಸರು ಒಬ್ಬರಿಗೊಬ್ಬರು ಬೆನ್ನು ಹಾಕಿ ಮೌನವಾಗಿ ಬರೆಯುತ್ತಿರುವುದನ್ನು ದಾರಿಹೋಕರು ನಿಂತು ನೋಡುತ್ತಿದ್ದರು. ಇದು ಏನೋ ವ್ರತ ಎಂದು ಒಬ್ಬಾಕೆ ನಮಸ್ಕಾರವನ್ನೂ ಮಾಡಿದ್ದುಂಟು.

ಬರೆಯುವುದಕ್ಕೆ ಇನ್ನೊಂದು ಅಪಾಯವಿತ್ತು. ಬಡಾವಣೆಗೆ ಜಮೀನು ಹೋಗುತ್ತಿದ್ದ ಕಾಲ. ಕಾಗದ ಹಿಡಿದವರು ಯಾರೇ ಹೊಲಕ್ಕೆ ಕಾಲಿಟ್ಟರೂ ರೈತರ ಎದೆ ಧಸಕ್ಕೆನ್ನುತ್ತಿತ್ತು. ಹುಳಿಮಾವಿನ ಕೆರೆಯ ಹಿಂದೆ ಒಂದು ತೋಪು. ಮಾವು, ಹೊಂಗೆ, ಅಂಚಿನಲ್ಲಿ ಬಿದಿರು. ಮೊದಲ ಸಲ ಹೋದಾಗ ತೋಪಿನ ಯಜಮಾನರು, ಮುನಿಯಪ್ಪನವರು, ಕೈಯಲ್ಲಿ ಗುದ್ದಲಿ ಹಿಡಿದುಕೊಂಡೇ ಬಂದರು.

“ಯಾರ್ರವ್ವಾ ನೀವು? ಎಷ್ಟ್ ಗುಂಟೆ ಬರ್ಕೊಂಡ್ರಿ?”

“ಗುಂಟೆ ಅಲ್ಲ ಯಜಮಾನ್ರೇ, ಹಕ್ಕಿ ಬರ್ಕೊಳ್ತಿದೀವಿ” ಎಂದೆ.

“ಹಕ್ಕಿಗೂ ಕಂದಾಯ ಹಾಕ್ತಾರಾ ಈಗ?”

ಮೇಷ್ಟ್ರು ಮುಂದೆ ಬಂದು ಎಲ್ಲ ವಿವರಿಸಿದರು. ಕಾಲೇಜು, ಪಾಠ, ಪಟ್ಟಿ. ಮುನಿಯಪ್ಪನವರು ಅವರ ಬೂಟನ್ನೇ ನೋಡುತ್ತಿದ್ದರು. ಕೊನೆಗೆ ಗುದ್ದಲಿ ಕೆಳಗಿಟ್ಟು, “ಆಯ್ತು, ಹಕ್ಕಿ ಬರ್ಕೊಳ್ಳಿ, ಹುಳ ಬರ್ಕೊಳ್ಳಿ. ಮರ ಮಾತ್ರ ಬರ್ಕೋಬ್ಯಾಡಿ. ಮರ ಕಾಗದ್ದಾಗೆ ಹೋದ್ರೆ ನಮ್ದಲ್ಲ” ಎಂದರು.

“ಮಾತು ಕೊಟ್ಟೆ” ಎಂದರು ಮೇಷ್ಟ್ರು. ಕೊಟ್ಟ ಮಾತು ನಡೆಸಿಕೊಂಡೆವು. ಆ ತೋಪಿನಲ್ಲಿ ನಾವು ಹಕ್ಕಿಗಳನ್ನು ಬರೆದೆವು, ಚಿಟ್ಟೆ ದುಂಬಿಗಳನ್ನು ಬರೆದೆವು, ಮರದ ಬುಡದ ವಿಷ್ಣುಕ್ರಾಂತಿಯನ್ನೂ ಬರೆದೆವು. ಒಂದು ಮರವನ್ನೂ ಬರೆಯಲಿಲ್ಲ. ಹಕ್ಕಿ ಇಂಥ ಮರದಲ್ಲಿತ್ತು ಎಂದೂ ಬರೆಯಲಿಲ್ಲ. ಇದರ ಫಲ ಏನೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಕೆಲವು ವರ್ಷಗಳ ನಂತರ, ಒಂದು ಮೇ ಬೆಳಗ್ಗೆ, ಅದೇ ತೋಪು. ನಾನು ಮತ್ತು ಸೀತಾಲಕ್ಷ್ಮಿ ಕೆರೆಯಂಚಿನ ಜೊಂಡಿನಲ್ಲಿ ಒಂದು ಏರೋಪ್ಲೇನ್ ಚಿಟ್ಟೆಯ ಹಿಂದೆ ಬಿದ್ದಿದ್ದೆವು. ಮೇಷ್ಟ್ರು ದುರ್ಬೀನು ತೆಗೆದುಕೊಂಡು ಒಬ್ಬರೇ ತೋಪಿನೊಳಗೆ ಹೋದರು. ಹಿಂತಿರುಗಿ ಬಂದಾಗ ಅವರು ಓಡುತ್ತಿದ್ದರು. ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಕಾಕರಣೆ!” ಎಂದರು. ಉಸಿರು ಸಿಗುತ್ತಿರಲಿಲ್ಲ. “ಗಂಡು!”

ಕಾಕರಣೆ ಹಕ್ಕಿ ಘಟ್ಟದ ದಟ್ಟ ಕಾಡಿನದು. ಕಪ್ಪು ತಲೆ, ಎದೆಗೆ ಅಡ್ಡಲಾಗಿ ಬಿಳಿ ಪಟ್ಟಿ, ಹೊಟ್ಟೆ ಕುಂಕುಮಗೆಂಪು. ನೆರಳಿನಲ್ಲಿ ಅಲುಗದೆ ಕೂರುವ ಹಕ್ಕಿ. ಬೆಂಗಳೂರಿನ ಮಾವಿನ ತೋಪಿನಲ್ಲಿ ಅದನ್ನು ಕಂಡವರಿದ್ದಾರೆಂದು ನಾವು ಕೇಳಿರಲಿಲ್ಲ. ಮೂವರೂ ತೋಪನ್ನೆಲ್ಲ ಜಾಲಾಡಿದೆವು. ಪಿಕಳಾರ, ಕಾಜಾಣ, ಒಂದು ಕೆಂಬೂತ. ಕಾಕರಣೆ ಇಲ್ಲ.

ಹಿಂತಿರುಗುವಾಗ ದಾರಿಯುದ್ದಕ್ಕೂ ಮೇಷ್ಟ್ರು ಅದರ ಮಾತೇ ಆಡಿದರು. ಚಿಕ್ಕಂದಿನಿಂದ ನೋಡಬೇಕೆಂದಿದ್ದ ಹಕ್ಕಿಯಂತೆ. ಘಟ್ಟಕ್ಕೆ ಹೋದಾಗಲೂ ಕಂಡಿರಲಿಲ್ಲವಂತೆ. ಇಬ್ಬರ ಚೀಟಿ ಕೂಡಬೇಕೆಂಬ ನಿಯಮ ಅವರಿಗೆ ನೆನಪಿತ್ತು. ಹಾಗಾಗಿ ಪಟ್ಟಿಯ ಕೊನೆಯಲ್ಲಿ ಪೆನ್ಸಿಲಿನಲ್ಲಿ ಬರೆದು, ಪಕ್ಕದಲ್ಲಿ ತಮ್ಮ ಸಹಿಯ ಮೊದಲಕ್ಷರ ಹಾಕಿದರು. ನಾವು ಏನೂ ಕೇಳಲಿಲ್ಲ. ಅಷ್ಟು ಸಂತೋಷದಲ್ಲಿದ್ದವರನ್ನು ಕೇಳುವುದು ಹೇಗೆ?

ಕೇಳಬೇಕಾದ ದಿನ ಮಾರನೆಯ ವರ್ಷ ಬಂತು. ಮೇಷ್ಟ್ರ ನಿವೃತ್ತಿಯ ವರ್ಷ ಅದು. ಕಾಲೇಜು ನಮ್ಮ ಬೇಸಿಗೆ ಪಟ್ಟಿಯನ್ನು ಅಚ್ಚು ಹಾಕಿಸಲು ಒಪ್ಪಿತು. ರಕ್ಷಾಪುಟದ ಮೇಲೆ ಮೂವರ ಹೆಸರು. ಕರಡು ಅಚ್ಚು ಬಂದಾಗ ನೋಡುತ್ತೇನೆ, ಪೆನ್ಸಿಲಿನ ಸಾಲು ಈಗ ಮಸಿಯಲ್ಲಿದೆ. ಕಾಕರಣೆ ಉಳಿದ ಹಕ್ಕಿಗಳ ಸಾಲಿನಲ್ಲೇ, ಯಾವ ಗುರುತೂ ಇಲ್ಲದೆ ಕೂತಿದೆ.

ಆ ಪಟ್ಟಿ ನಮ್ಮ ಅಷ್ಟೂ ಬೇಸಿಗೆಗಳ ಕೆಲಸ. ಅದನ್ನು ನೋಡುವ ಬಲ್ಲವರು ಮೊದಲು ಹುಡುಕುವುದು ಅಸಾಧ್ಯವಾದ ಹೆಸರನ್ನೇ. ಒಂದು ಸಿಕ್ಕಿದರೆ ಮುಗಿಯಿತು, ಉಳಿದ ನೂರನ್ನೂ ಪಕ್ಕಕ್ಕಿಡುತ್ತಾರೆ. ಇದನ್ನು ನನಗೆ ಹೇಳಿಕೊಟ್ಟವರೇ ಮೇಷ್ಟ್ರು. ಇನ್ನೊಂದು ಕಡೆ, ಅವರ ಇಡೀ ಜೀವನದ ಹಕ್ಕಿ ಅದು.

ಸೀತಾಲಕ್ಷ್ಮಿಗೆ ಹೇಳಿದೆ.

“ಬಿಡೇ ವತ್ಸಲಾ, ಒಂದು ಹಕ್ಕಿ ತಾನೆ? ಹೋಗೋ ಕಾಲದಲ್ಲಿ ಒಂದು ಖುಷಿ ಇರ್ಲಿ ಅವರಿಗೆ.”

“ಖುಷಿ ಇರ್ಲಿ. ಪಟ್ಟೀಲಿ ಯಾಕೆ?”

“ನನ್ನ ತುಂಬೆ ಹೋದಾಗ ನೀನು ಹೀಗೆ ಒದ್ದಾಡ್ಲಿಲ್ಲ.”

“ನಿನ್ನ ತುಂಬೇನ ಬಿಟ್ಟಿದ್ದಕ್ಕೇ ಇದನ್ನೂ ಬಿಡಬೇಕು ಅಂತಿರೋದು.”

“ಹಾಗಾದ್ರೆ ನೀನೇ ಹೇಳ್ಕೊ. ನನ್ನ ಕೈಲಾಗಲ್ಲ.”

ಹೇಳುವುದು ನನ್ನ ಕೈಲೂ ಆಗುವಂತಿರಲಿಲ್ಲ. ಅವರು ಸುಳ್ಳು ಹೇಳುವವರಲ್ಲ ಎಂಬುದು ನನಗೆ ನನ್ನ ಹೆಸರಿನಷ್ಟೇ ಖಚಿತ. ಹೀಗಾಗಿ, ಹೇಳುವ ಬದಲು ಕೇಳಬೇಕು. ಆದರೆ ಏನನ್ನು? ಹಕ್ಕಿಯ ಬಣ್ಣ, ಆಕಾರ ಕೇಳಿ ಪ್ರಯೋಜನವಿಲ್ಲ. ಹೆಸರು ಗೊತ್ತಿರುವವರಿಗೆ ಬಣ್ಣ ತಾನಾಗಿ ಬರುತ್ತದೆ, ಚಿಕ್ಕಲಸಂದ್ರದ ಉಗುರಿನ ಹಾಗೆ. ಹೆಸರಿನ ಜೊತೆಗೆ ಬಾರದ ಏನನ್ನಾದರೂ, ಮುನಿಯಪ್ಪನವರಿಗೆ ಕೊಟ್ಟ ಮಾತಿನಿಂದ ನಾವು ಬರೆಯದೇ ಬಿಟ್ಟದ್ದನ್ನು ಕೇಳಬೇಕು.

ಮಧ್ಯಾಹ್ನ ವಿಭಾಗದಲ್ಲಿ ಅವರೊಬ್ಬರೇ ಇದ್ದರು. ಫ್ಯಾನಿನ ಗಾಳಿಗೆ ಕರಡು ಹಾಳೆಗಳು ಹಾರದಂತೆ ಮೇಲೆ ಒಂದು ಆಮೆ ಚಿಪ್ಪು ಇಟ್ಟಿದ್ದರು.

“ಸಾರ್, ಒಂದು ಕೇಳ್ಲಾ? ಆ ಕಾಕರಣೆ... ಯಾವುದರ ಮೇಲೆ ಕೂತಿತ್ತು?”

ಅವರ ಮುಖ ಅರಳಿತು. ಇಷ್ಟು ದಿನ ಯಾರೂ ಕೇಳಿರಲಿಲ್ಲ ನೋಡಿ. ಕನ್ನಡಕ ತೆಗೆದು ಕಣ್ಣು ಮುಚ್ಚಿದರು.

“ಅಡ್ಡ ಕೊಂಬೆ. ದಪ್ಪನಾದ್ದು. ಹಸುರು ಪಾಚಿ ಕಟ್ಟಿತ್ತು ನೋಡು, ಮಖಮಲ್ಲಿನ ತರ. ಪಕ್ಕದಲ್ಲೇ ಒಂದು ಪುಟ್ಟ ಜರಿಗಿಡ. ಎದೆ ನನ್ನ ಕಡೆಗೆ. ತಲೆ ಮಾತ್ರ ಎಡಗಡೆಗೆ ತಿರುಗಿಸಿ ಕೂತಿತ್ತು, ಬಾಲ ನೇರ ಕೆಳಕ್ಕೆ. ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆಯಮ್ಮ.”

ನನಗೆ ಆ ಕೊಂಬೆ ಗೊತ್ತಿತ್ತು. ನಮ್ಮ ಲೈಬ್ರರಿಯಲ್ಲಿ ಬಣ್ಣದ ಚಿತ್ರಗಳ ಒಂದು ದೊಡ್ಡ ಪುಸ್ತಕವಿತ್ತು, ಮೇಷ್ಟ್ರು ತಾವು ವಿದ್ಯಾರ್ಥಿಯಾಗಿದ್ದಾಗಿನಿಂದ ನೋಡಿದ್ದು. ಮೇಜಿನ ಮೇಲಿಟ್ಟರೆ ಅದು ತಾನಾಗಿ ಕಾಕರಣೆಯ ಪುಟಕ್ಕೇ ತೆರೆದುಕೊಳ್ಳುತ್ತಿತ್ತು. ಆ ಪುಟದಲ್ಲಿ ಪಾಚಿ ಕಟ್ಟಿದ ಕೊಂಬೆ, ಪಕ್ಕದಲ್ಲಿ ಜರಿಗಿಡ, ತಲೆಯನ್ನು ಎಡಕ್ಕೆ ತಿರುಗಿಸಿದ ಹಕ್ಕಿ.

ಅಲ್ಲಿಯೇ ಆ ಪುಸ್ತಕ ತಂದು ತೆರೆದಿಡಬಹುದಿತ್ತು. ಇಡಲಿಲ್ಲ. ಹಾಗೆ ಮಾಡದಿದ್ದದ್ದು ಸರಿ ಎಂದು ಇವತ್ತಿಗೂ ನಂಬಿದ್ದೇನೆ.

“ಸಾರ್, ಅಚ್ಚಿಗೆ ಕಳಿಸೋ ಮುಂಚೆ ಒಂದು ಸಲ ಹುಳಿಮಾವಿಗೆ ಹೋಗಿ ಬರೋಣ್ವಾ?”

“ಯಾಕೆ, ಮತ್ತೆ ಸಿಗುತ್ತೆ ಅಂತೀಯಾ?”

“ಮರ ಆದ್ರೂ ಸಿಗುತ್ತೆ ಸಾರ್.”

ಅವರು ನನ್ನನ್ನು ಒಂದು ಗಳಿಗೆ ನೋಡಿದರು. “ಹೋಗೋಣ” ಎಂದರು.

ಮೂವರೂ ಹೋದೆವು. ಅದೂ ಮೇ ತಿಂಗಳೇ. ಮುನಿಯಪ್ಪನವರು ಬಾವಿ ಕಟ್ಟೆಯ ಮೇಲಿದ್ದರು. “ಬಂದ್ರಾ ಹಕ್ಕಿ ಶಾನುಭೋಗ್ರು!” ಎಂದು ನಕ್ಕು ಜೊತೆಗೆ ಬಂದರು. ಮೇಷ್ಟ್ರು ತಡವರಿಸಲಿಲ್ಲ. ತೋಪಿನ ನಡುವೆ ನೇರವಾಗಿ ನಡೆದು ಒಂದು ಹೊಂಗೆಮರದ ಮುಂದೆ ನಿಂತರು.

“ಇದೇ. ನಾನು ಇಲ್ಲಿ ನಿಂತಿದ್ದೆ. ಅದು ಅಲ್ಲಿ, ಆ ಕೊಂಬೆ ಮೇಲೆ.”

ಮರದ ತುಂಬ ಹೂ, ಕೆಳಗೆಲ್ಲ ತಿಳಿನೇರಳೆ ಪಕಳೆ ಹೊಟ್ಟಿನ ಹಾಗೆ ಉದುರಿತ್ತು. ಅವರು ತೋರಿಸಿದ ಕೊಂಬೆ ಬೂದುಬಣ್ಣದ್ದು, ಒಣಕಲು ತೊಗಟೆ. ತುದಿಯಲ್ಲಿ ಎಲೆ ಹೊಲಿದು ಕಟ್ಟಿದ ಕೆಂಜಿಗದ ಗೂಡು. ಅಲ್ಲಿಂದ ಇರುವೆಗಳ ಸಾಲು ಬುಡದವರೆಗೆ ಇಳಿದಿತ್ತು. ಬಿಸಿಲು ಕೊಂಬೆಯ ಮೇಲೆ ನೇರವಾಗಿ ಬೀಳುತ್ತಿತ್ತು.

ಮೇಷ್ಟ್ರು ದುರ್ಬೀನು ಎತ್ತಲಿಲ್ಲ. ಬರಿಗಣ್ಣಿನಲ್ಲೇ ಬಹಳ ಹೊತ್ತು ನೋಡಿದರು. ಆಮೇಲೆ ಸುತ್ತಲಿನ ಮರಗಳನ್ನು ನೋಡಿದರು.

“ಯಜಮಾನ್ರೇ, ಈ ಮರಕ್ಕೆ ಪಾಚಿ ಕಟ್ಟುತ್ತಾ?”

“ಹೊಂಗೆಗಾ? ಈ ಬಿಸಲಾಗಾ? ಕೆರೆಗೇ ಪಾಚಿ ಇಲ್ಲ ಸಾಮಿ ಈಗ.”

ಸೀತಾಲಕ್ಷ್ಮಿ ನೆಲ ನೋಡುತ್ತಿದ್ದಳು. ಮೇಷ್ಟ್ರು ಕೋಟಿನ ಗುಂಡಿ ಬಿಚ್ಚಿ, ಮತ್ತೆ ಹಾಕಿಕೊಂಡರು.

“ಎಡಗಡೆಗೆ ತಿರುಗಿತ್ತು ಅಂದ್ನಲ್ಲಮ್ಮ ನಿನಗೆ” ಎಂದರು. “ನಮ್ಮ ಲೈಬ್ರರಿ ಪುಸ್ತಕದಲ್ಲೂ ಎಡಗಡೆಗೇ ತಿರುಗಿರೋದು.”

ಆಮೇಲೆ ನನ್ನ ಕಡೆ ತಿರುಗಿದರು.

“ನಿನಗೆ ಮೊನ್ನೇನೇ ಗೊತ್ತಿತ್ತು.”

“ಹೌದು ಸಾರ್.”

“ನಾನು ಇಲ್ಲಿ ಏನೋ ನೋಡಿದ್ದು ನಿಜ. ಕೆಂಪು ಕಂಡಿದ್ದು ನಿಜ. ಅದು ಕಾಕರಣೇನೇ ಇರಬಹುದು.”

“ಇರಬಹುದು ಸಾರ್.”

“ಆದ್ರೆ ಈಗ ನನ್ನ ತಲೇಲಿ ಇರೋದು ಇಲ್ಲಿ ನೋಡಿದ್ದಲ್ಲ.” ಮರಕ್ಕೆ ಬೆನ್ನು ಮಾಡಿ, “ಹೊಡೆದುಹಾಕು” ಎಂದರು.

“ಪಕ್ಕದಲ್ಲಿ ಪ್ರಶ್ನೆ ಗುರುತು ಹಾಕಿ ಇಟ್ಕೋಬಹುದಲ್ವಾ ಸಾರ್?” ಇದು ಸೀತಾಲಕ್ಷ್ಮಿ.

“ಪ್ರಶ್ನೆ ಇರೋದು ಹಕ್ಕಿ ಮೇಲಲ್ಲಮ್ಮ, ನನ್ನ ಮೇಲೆ. ಅದನ್ನ ಪಟ್ಟೀಲಿ ಎಲ್ಲಿ ಹಾಕ್ತೀಯಾ?”

ಮುನಿಯಪ್ಪನವರಿಗೆ ಅರ್ಥವಾದದ್ದು ಒಂದು ಹಕ್ಕಿ ಕಡಿಮೆಯಾಯಿತು ಎಂದಷ್ಟೇ. “ಯಾಕ್ ಸಾಮಿ ಮಖ ಸಣ್ಣ ಮಾಡ್ಕೊಂಡ್ರಿ? ನಮ್ ತೋಪಾಗೆ ಬ್ಯಾರೆ ಹಕ್ಕಿ ಇಲ್ವಾ? ಬ್ಯಾರೆದು ಬರ್ಕೊಳ್ಳಿ.”

“ಹಕ್ಕಿ ಸಾಕು ಯಜಮಾನ್ರೇ” ಎಂದರು ಮೇಷ್ಟ್ರು. “ಒಂದು ಮರ ಬರ್ಕೊಳ್ಳೋಕೆ ಬಿಡ್ತೀರಾ? ಈ ಹೊಂಗೆ. ಒಂದೇ ಒಂದು.”

ಮುನಿಯಪ್ಪನವರು ಮರವನ್ನು ನೋಡಿದರು, ನಮ್ಮನ್ನು ನೋಡಿದರು. “ಒಂದಾ? ಬರ್ಕೊಳ್ಳಿ ಹೋಗ್ಲಿ. ಸರ್ಕಾರಕ್ಕೆ ತೋರ್ಸಬ್ಯಾಡಿ.”

ನಾನು ನಿಂತಲ್ಲೇ ಬರೆದುಕೊಂಡೆ. ಹೊಂಗೆ, ಹೂ ಬಿಟ್ಟಿದೆ. ಅಡ್ಡಕೊಂಬೆ, ಬೂದು ತೊಗಟೆ, ಒಣಗಿದೆ. ತುದಿಯಲ್ಲಿ ಕೆಂಜಿಗದ ಗೂಡು.

ಹಿಂತಿರುಗಿ ಹೊರಟೆವು. ಬನ್ನೇರುಘಟ್ಟ ರಸ್ತೆಗೆ ಬಂದ ಮೇಲೆ ಮೇಷ್ಟ್ರು ಇದ್ದಕ್ಕಿದ್ದ ಹಾಗೆ, “ಪಾಚಿಯಂತೆ! ಹುಳಿಮಾವಿನಲ್ಲಿ, ಮೇ ತಿಂಗಳಲ್ಲಿ!” ಎಂದು ನಗತೊಡಗಿದರು. ಕೆಮ್ಮು ಬರುವವರೆಗೆ ನಕ್ಕರು. ನಾವೂ ನಕ್ಕೆವು. ಹೀಗೆಂದು ನನ್ನ ನೆನಪು.

ಪಟ್ಟಿ ಕಾಕರಣೆಯಿಲ್ಲದೆ ಅಚ್ಚಾಯಿತು. ಅದನ್ನು ನೋಡಿದ ಬಲ್ಲವರು ಬೇರೆ ಬೇರೆ ತಕರಾರು ತೆಗೆದರು. ಒಂದು ಹುಲ್ಲಿನ ಹೆಸರು ತಪ್ಪಿತ್ತು, ಎರಡು ಚಿಟ್ಟೆ ಅದಲುಬದಲಾಗಿದ್ದವು. ಹಕ್ಕಿಗಳ ಬಗ್ಗೆ ಯಾರೂ ಚಕಾರವೆತ್ತಲಿಲ್ಲ.

ನಿವೃತ್ತಿಯಾಗುವ ಮುಂಚೆ ಮೇಷ್ಟ್ರು ಮುಂದಿನ ಬೇಸಿಗೆಗೆಂದು ಹೊಸ ಹಾಳೆಗಳನ್ನು ತಾವೇ ಗೆರೆ ಎಳೆದು ತಯಾರಿಸಿದ್ದರು. ಹಳೆಯ ಹಾಳೆಯಲ್ಲಿ ಮೊದಲ ಅಂಕಣ ಹೆಸರಿನದು. ಹೊಸದರಲ್ಲಿ ಹೆಸರು ಕೊ‍ನೆಗೆ ಹೋಗಿತ್ತು. ಮೊದಲನೆಯದು, ‘ಯಾವುದರ ಮೇಲೆ’. ನಾನು ನಿವೃತ್ತಳಾಗುವವರೆಗೆ ಆ ಕ್ರಮ ಬದಲಿಸಲಿಲ್ಲ. ಹುಡುಗಿಯರು ಗೊಣಗುತ್ತಿದ್ದರು: “ಮೇಡಂ, ಹಕ್ಕಿ ಹಾರಿಹೋಗುತ್ತೆ, ಕೊಂಬೆ ಎಲ್ಲಿ ಹೋಗುತ್ತೆ? ಕೊಂಬೆ ಆಮೇಲೆ ಬರೀಬಹುದಲ್ಲ?” ಆಮೇಲೆ ಬರೆದ ಕೊಂಬೆ ಪುಸ್ತಕದ ಕೊಂಬೆಯಾಗಿರುತ್ತದೆ ಎಂದು ಹೇಳಿದರೆ ಅವರಿಗೆ ಅರ್ಥವಾಗುತ್ತಿರಲಿಲ್ಲ. ಒಂದೆರಡು ಬೇಸಿಗೆ ನಡೆದ ಮೇಲೆ ಆಗುತ್ತಿತ್ತು. ಮೇಷ್ಟ್ರೂ ಕೆಲವು ವರ್ಷ ಸುಮ್ಮನೆ ಜೊತೆಗೆ ಬರುತ್ತಿದ್ದರು, ಬೂಟಿನ ಬದಲು ಚಪ್ಪಲಿ ಹಾಕಿಕೊಂಡು. ಅವರೂ ಎಲ್ಲರ ಹಾಗೆ ಬೆನ್ನು ತಿರುಗಿಸಿ ಚೀಟಿ ಬರೆಯುತ್ತಿದ್ದರು, ತಾಳೆಯಾಗದಿದ್ದರೆ ತಾವೇ ಹರಿದು ಜೇಬಿಗೆ ಹಾಕಿಕೊಳ್ಳುತ್ತಿದ್ದರು.

ಈಗ ನಿಮ್ಮ ಕೈಯಲ್ಲಿ ಕ್ಯಾಮೆರಾ ಇದೆ. ಒಳ್ಳೆಯದು. ಕೋವಿಗಿಂತ, ನಮ್ಮ ಒಕ್ಕಣ್ಣಿನ ದುರ್ಬೀನಿಗಿಂತ ಎಷ್ಟೋ ವಾಸಿ. ಆದರೂ ಕ್ಯಾಮೆರಾ ಎತ್ತುವಷ್ಟರಲ್ಲಿ ಹಾರಿಹೋದ ಹಕ್ಕಿಗಳೇ ಹೆಚ್ಚು ಇರುತ್ತವೆ. ಅವುಗಳಿಗಾಗಿ ಈ ಹಳೆಯ ಅಂಕಣ ಇಟ್ಟುಕೊಳ್ಳಿ ಎನ್ನುವುದೊಂದೇ ನನ್ನ ಸಲಹೆ.

ಇದನ್ನು ಬರೆದು ಮುಗಿಸುವ ಮುಂಚೆ ಸೀತಾಲಕ್ಷ್ಮಿಗೆ ಫೋನು ಮಾಡಿ ಓದಿ ಹೇಳಿದೆ. “ಎಲ್ಲ ಸರಿ ಕಣೇ. ಆದ್ರೆ ಅದು ಮಾವಿನ ಮರ. ಆಮೇಲೆ ಮೇಷ್ಟ್ರು ನಗ್ಲಿಲ್ಲ. ಮನೆ ತನಕ ಒಂದು ಮಾತೂ ಆಡ್ಲಿಲ್ಲ. ನೀನೇ ನಕ್ಕಿದ್ದು” ಎಂದಳು. ಮರದ ವಿಷಯದಲ್ಲಿ ನಾನು ಬಿಟ್ಟುಕೊಡಲಿಲ್ಲ. ಹೊಂಗೆ ಎಂದು ಮರದ ಕೆಳಗೆ ನಿಂತೇ ಬರೆದಿದ್ದೇನೆ. ನಗುವಿನ ವಿಷಯ ಅಲ್ಲಿ ಬರೆದುಕೊಂಡಿರಲಿಲ್ಲ. ಅದಕ್ಕೆ ಜಗಳವಾಡಲಿಲ್ಲ.

ಇನ್ನೊಂದು ಮಾತಿದೆ, ಅದನ್ನು ಅವಳಿಗೂ ಹೇಳಿಲ್ಲ. ಆ ಬೆಳಗ್ಗೆ ಮೇಷ್ಟ್ರು ಓಡಿ ಬಂದಾಗ ನಾನು ಜೊಂಡಿನಲ್ಲಿದ್ದೆ. ಕಾಕರಣೆಯನ್ನು ನಾನು ಹುಳಿಮಾವಿನಲ್ಲಿ ನೋಡಿಲ್ಲ, ಎಲ್ಲಿಯೂ ನೋಡಿಲ್ಲ. ಆದರೆ ಇಷ್ಟು ವರ್ಷ ಈ ಕಥೆಯನ್ನು ಹುಡುಗಿಯರಿಗೆ ಹೇಳಿ ಹೇಳಿ, ಈಗ ಕಣ್ಣು ಮುಚ್ಚಿದರೆ ಅದು ನನಗೂ ಕಾಣುತ್ತದೆ. ಕಪ್ಪು ತಲೆ, ಬಿಳಿ ಪಟ್ಟಿ, ಕುಂಕುಮದ ಹೊಟ್ಟೆ, ತಲೆ ಎಡಕ್ಕೆ. ಅದು ಕೂತಿರುವುದು ಮಾತ್ರ ಪಾಚಿಯ ಮೇಲಲ್ಲ. ಬೂದು ತೊಗಟೆಯ ಹೊಂಗೆಕೊಂಬೆ, ತುದಿಯಲ್ಲಿ ಕೆಂಜಿಗದ ಗೂಡು, ಅಲ್ಲಿಂದ ಇಳಿಯುವ ಇರುವೆ ಸಾಲು. ಆ ಹಕ್ಕಿಗೆ ನಾನು ಯಾವ ಪಟ್ಟಿಯಲ್ಲೂ ಸಹಿ ಹಾಕಲಾರೆ. ಕೊಂಬೆಗೆ ಹಾಕುತ್ತೇನೆ.